ಹಾಲಿಲ್ಲದ ಚಹಾ ಕೆಂಪೋ ಕಪ್ಪೋ?

ಚೀನಾದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಬೆಳಗಿನ ಹೊತ್ತು ಒಂದು ನೋಟ ಕಾಣಸಿಗುತ್ತದೆ. ಮರದ ಕೆಳಗೆ, ಕೊಳದ ದಡದಲ್ಲಿ, ಕಟ್ಟಡದ ಮೆಟ್ಟಿಲ ಮೇಲೆ ವಿದ್ಯಾರ್ಥಿಗಳು ಒಬ್ಬೊಬ್ಬರೇ ಕೂತು ಗಟ್ಟಿಯಾಗಿ ಇಂಗ್ಲಿಷ್ ಓದುತ್ತಿರುತ್ತಾರೆ. ಪಕ್ಕದಲ್ಲಿ ಯಾರಿದ್ದಾರೆ ಅನ್ನುವ ಸಂಕೋಚ ಇರುವುದಿಲ್ಲ. ತುಂಬಾ ಜನರ ಕೈಯಲ್ಲಿ ಪದಪಟ್ಟಿಯ ಪುಸ್ತಕ ಇರುತ್ತದೆ. ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಜೋಡಿಸಿದ ಪಟ್ಟಿಯಾದರೆ ಮೊದಲ ಪುಟದಲ್ಲೇ 'ಅಬ್ಯಾಂಡನ್' ಬರುತ್ತದೆ. ಹಾಗೆಂದರೆ ಕೈಬಿಡು. ಹುರುಪಿನಿಂದ ಶುರು ಮಾಡಿ, ನಾಲ್ಕು ದಿನಕ್ಕೆ ನಿಲ್ಲಿಸಿ, ತಿಂಗಳು ಕಳೆದ ಮೇಲೆ ಮತ್ತೆ ಮೊದಲ ಪುಟದಿಂದ ಹಿಡಿಯುವವರಿಗೆ ಈ ಒಂದು ಪದವಂತೂ ಮರೆಯುವುದಿಲ್ಲ. ಚೀನಾದ ವಿದ್ಯಾರ್ಥಿಗಳ ನಡುವೆ ಇದೊಂದು ಹಳೆಯ ಮಾತು.

ಪದ ಬಾಯಿಪಾಠ ಮಾಡುವುದಕ್ಕೆ ಅವರು 'ಬೇಯ್ ದಾನ್‌ತ್ಸ' ಅನ್ನುತ್ತಾರೆ. 'ಬೇಯ್' ಅನ್ನುವ ಅಕ್ಷರಕ್ಕೆ ಬೆನ್ನು ಅಂತಲೂ ಅರ್ಥ. ದನಿಯ ಏರಿಳಿತ ಬದಲಿಸಿ ಹೇಳಿದರೆ ಅದೇ ಅಕ್ಷರಕ್ಕೆ ಬೆನ್ನ ಮೇಲೆ ಹೊರು ಅನ್ನುವ ಅರ್ಥ ಬರುತ್ತದೆ. ಹಿಂದೆ ಅಲ್ಲಿನ ಮಕ್ಕಳು ಗುರುಗಳ ಕಡೆಗೆ ಬೆನ್ನು ಮಾಡಿ ನಿಂತು ಪಾಠ ಒಪ್ಪಿಸುತ್ತಿದ್ದರು. ನಮ್ಮಲ್ಲಿ ಕಲಿತ ಪಾಠ ಬಾಯಲ್ಲಿರುತ್ತದೆ, ಕಂಠದಲ್ಲಿರುತ್ತದೆ. ಅವರಲ್ಲಿ ಬೆನ್ನ ಮೇಲೆ. ಸಾವಿರಾರು ಪದಗಳ ಭಾರವನ್ನು ನೆನೆದರೆ ಆ ಮಾತು ಸರಿಯಾಗೇ ಇದೆ ಅನಿಸುತ್ತದೆ.

ಇಷ್ಟೆಲ್ಲ ಯಾತಕ್ಕೆ? ಮುಖ್ಯವಾಗಿ ಸಿಇಟಿ ಎಂಬ ಪರೀಕ್ಷೆಗಾಗಿ. ನಮ್ಮ ಎಂಜಿನಿಯರಿಂಗ್ ಸೀಟಿನ ಸಿಇಟಿ ಅಲ್ಲ, ಚೀನಾದ ಕಾಲೇಜ್ ಇಂಗ್ಲಿಷ್ ಟೆಸ್ಟ್. 1987ರಲ್ಲಿ ಶುರುವಾಯಿತು. ನಾಲ್ಕನೇ ದರ್ಜೆ, ಆರನೇ ದರ್ಜೆ ಅಂತ ಎರಡು ಹಂತ. ಪ್ರತಿ ವರ್ಷ ಜೂನ್ ಮತ್ತು ಡಿಸೆಂಬರ್‌ನಲ್ಲಿ ಲಕ್ಷಗಟ್ಟಲೆ ವಿದ್ಯಾರ್ಥಿಗಳು ಬರೆಯುತ್ತಾರೆ. ಒಟ್ಟು ಅಂಕ 710. 425 ಬಂದರೆ ದಾಟಿದ ಹಾಗೆ ಅಂತ ಲೆಕ್ಕ. ನಾಲ್ಕನೇ ದರ್ಜೆಗೆ ಸುಮಾರು 4,500 ಪದ, ಆರನೇ ದರ್ಜೆಗೆ ಸುಮಾರು 6,000 ಪದ ಗೊತ್ತಿರಬೇಕು ಎಂದು ಹೇಳುತ್ತಾರೆ. ಓದುತ್ತಿರುವ ವಿಷಯ ಗಣಿತವೋ ಗಣಿ ಎಂಜಿನಿಯರಿಂಗೋ ಏನೇ ಆಗಿರಲಿ, ಕೆಲಸಕ್ಕೆ ಅರ್ಜಿ ಹಾಕುವಾಗ ಈ ಅಂಕ ಕೇಳುವವರು ಇದ್ದಾರೆ.

ಈ ಪರೀಕ್ಷೆಯಲ್ಲಿ ನನಗೆ ತುಂಬ ಆಸಕ್ತಿ ಹುಟ್ಟಿಸಿದ್ದು ಒಂದು ಚಿಕ್ಕ ಭಾಗ. 2013ರ ಡಿಸೆಂಬರ್‌ಗೆ ಮುಂಚೆ ಅನುವಾದ ಅಂದರೆ ಅರೆಬರೆ ವಾಕ್ಯ ತುಂಬುವ ಕೆಲಸವಾಗಿತ್ತು. ಆಗಿನಿಂದ ಪೂರ್ತಿ ಒಂದು ಪ್ಯಾರಾ ಕೊಡುತ್ತಾರೆ. ನಾಲ್ಕನೇ ದರ್ಜೆಯಲ್ಲಿ 140ರಿಂದ 160 ಚೀನೀ ಅಕ್ಷರ. 30 ನಿಮಿಷದಲ್ಲಿ ಇಂಗ್ಲಿಷಿಗೆ ತರಬೇಕು. ನೂರಕ್ಕೆ ಹದಿನೈದರಷ್ಟು ಅಂಕ ಇದಕ್ಕಿದೆ. ವಿಷಯ ಮಾತ್ರ ಚೀನಾದ್ದೇ: ಚಹಾ, ಸಿಂಹನೃತ್ಯ, ಕಾಗದ ಕತ್ತರಿಸುವ ಕಲೆ, ಯಾಂಗ್‌ಟ್ಸಿ ನದಿ, ಮೊಬೈಲಿನಲ್ಲಿ ಹಣ ಪಾವತಿ. ಅಂದರೆ ತನ್ನ ಮನೆಯ ಸಂಗತಿಯನ್ನೇ ಪರಭಾಷೆಯಲ್ಲಿ ಹೇಳಬೇಕು. ಸುಲಭ ಅನಿಸುತ್ತದೆ ಅಲ್ವಾ? ಎಷ್ಟೋ ಜನ ಎಡವುವುದು ಇಲ್ಲೇ. ಪಟ್ಟಿಯ ಪದಗಳೆಲ್ಲ ಗೊತ್ತಿದ್ದವರೂ ಎಡವುತ್ತಾರೆ.

ಯಾಕೆಂದರೆ ಪದವನ್ನು ಕಂಡಾಗ ಗುರುತು ಹಿಡಿಯುವುದು ಬೇರೆ, ಬೇಕಾದಾಗ ಒಳಗಿನಿಂದ ತೆಗೆಯುವುದು ಬೇರೆ. ಬೀದಿಯಲ್ಲಿ ಎದುರಾದವರ ಮುಖ ಗೊತ್ತಾಗುತ್ತದೆ. ಹೆಸರು ಮಾತ್ರ ಎಷ್ಟು ತಡಕಿದರೂ ಸಿಗುವುದಿಲ್ಲ. ಹಾಗೇ ಇದು.

ಪದ ಕಲಿಸುವ ಆ್ಯಪ್‌ಗಳು ಚೀನಾದಲ್ಲಿ ಬೇಕಾದಷ್ಟಿವೆ. ಅವುಗಳ ಬಗ್ಗೆ ಮಾತು ಬಂದಾಗಲೆಲ್ಲ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಹೆಸರು ಕೇಳಿಸುತ್ತದೆ. ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವೇ ಇಲ್ಲದ ಅಕ್ಷರಗುಚ್ಛಗಳನ್ನು ತಾವೇ ಉರು ಹೊಡೆದು, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದವರು. 1885ರಲ್ಲಿ ಅದನ್ನು ಪ್ರಕಟಿಸಿದರು. ಒಂದು ಗಂಟೆಯೊಳಗೇ ಅರ್ಧಕ್ಕಿಂತ ಜಾಸ್ತಿ ಜಾರಿ ಹೋಗಿತ್ತು. ಆಮೇಲೆ ಜಾರುವ ವೇಗ ತಗ್ಗಿತು. ಪದಗಳನ್ನು ಒಂದೇ ದಿನ ನೂರು ಸಲ ಓದುವ ಬದಲು, ದಿನ ಬಿಟ್ಟು, ವಾರ ಬಿಟ್ಟು ಮತ್ತೆ ನೋಡಿದರೆ ಹೆಚ್ಚು ನಿಲ್ಲುತ್ತವೆ ಅನ್ನುವ ಮಾತಿನ ಬೇರು ಅಲ್ಲಿದೆ. ಈ ಮಾತು ನಿಜ. ಆದರೆ ಎಷ್ಟು ಸಲ ನೋಡಿದೆವು ಅನ್ನುವುದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ.

2008ರಲ್ಲಿ ಜೆಫ್ರಿ ಕಾರ್ಪಿಕಿ ಮತ್ತು ಹೆನ್ರಿ ರೋಡಿಗರ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ 40 ಸ್ವಾಹಿಲಿ ಪದಗಳನ್ನು ಇಂಗ್ಲಿಷ್ ಅರ್ಥದ ಜೊತೆ ಕಲಿಸಿದರು. ಒಂದು ಪದದ ಅರ್ಥವನ್ನು ಒಮ್ಮೆ ಸರಿಯಾಗಿ ಹೇಳಿದ ಮೇಲೆ ಏನು ಮಾಡಬೇಕು ಅನ್ನುವುದರಲ್ಲಿ ಮಾತ್ರ ಗುಂಪುಗಳ ನಡುವೆ ವ್ಯತ್ಯಾಸ. ಕೆಲವರು ಆ ಪದವನ್ನು ಮತ್ತೆ ಮತ್ತೆ ಓದಿದರು, ಆದರೆ ಅವರನ್ನು ಮತ್ತೆ ಕೇಳಲಿಲ್ಲ. ಕೆಲವರು ಮತ್ತೆ ಓದಲಿಲ್ಲ, ಆದರೆ ಅರ್ಥವನ್ನು ಮತ್ತೆ ಮತ್ತೆ ನೆನಪಿಸಿಕೊಂಡರು. ಒಂದು ವಾರ ಬಿಟ್ಟು ಕೇಳಿದಾಗ, ನೆನಪಿಸಿಕೊಳ್ಳುತ್ತಾ ಹೋದವರಿಗೆ ಸುಮಾರು ಶೇ. 80ರಷ್ಟು ಪದಗಳು ಬಂದವು. ಬರೀ ಓದಿದವರಿಗೆ ಬಂದದ್ದು ಶೇ. 36. ನನ್ನ ಗಮನ ಸೆಳೆದದ್ದು ಇನ್ನೊಂದು ವಿಷಯ. ವಾರದ ನಂತರ ಎಷ್ಟು ನೆನಪಿರಬಹುದು ಎಂದು ಮೊದಲೇ ಊಹಿಸಲು ಹೇಳಿದಾಗ ಎಲ್ಲ ಗುಂಪಿನವರೂ ಸರಿಸುಮಾರು ಅರ್ಧ ಅಂದಿದ್ದರು. ಯಾವ ದಾರಿಯಲ್ಲಿ ಕಲಿತರೆ ಉಳಿಯುತ್ತದೆ ಅನ್ನುವುದು ಕಲಿಯುವವರಿಗೇ ತಿಳಿಯುವುದಿಲ್ಲ. ಓದುವಾಗ ಎಲ್ಲ ಗೊತ್ತು ಅನಿಸುತ್ತದೆ. ಆ ಅನಿಸಿಕೆಯೇ ಮೋಸ ಮಾಡುತ್ತದೆ.

ಅನುವಾದಕ್ಕೆ ದಿಕ್ಕೂ ಇದೆ. ಜೂಡಿತ್ ಕ್ರೋಲ್ ಮತ್ತು ಎರಿಕಾ ಸ್ಟೂವರ್ಟ್ ಡಚ್ ಮತ್ತು ಇಂಗ್ಲಿಷ್ ಎರಡೂ ಬಲ್ಲವರಿಗೆ ಬಿಡಿ ಪದಗಳನ್ನು ಅನುವಾದಿಸಲು ಕೊಟ್ಟು ಹೊತ್ತು ಅಳೆದರು. 1994ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಹೀಗಿದೆ: ಕಲಿತ ಭಾಷೆಯಿಂದ ತಾಯ್ನುಡಿಗೆ ಬೇಗ ಬರಬಹುದು, ತಾಯ್ನುಡಿಯಿಂದ ಕಲಿತ ಭಾಷೆಗೆ ಹೋಗಲು ಹೆಚ್ಚು ಹೊತ್ತು ಬೇಕು. ಇಂಗ್ಲಿಷ್ ಪದ ಕಂಡ ತಕ್ಷಣ ತಾಯ್ನುಡಿಯ ಪದ ನೇರವಾಗಿ ಎದ್ದು ಬರುತ್ತದೆ, ತಾಯ್ನುಡಿಯಿಂದ ಹೊರಟರೆ ಮನಸ್ಸು ಮೊದಲು ಅರ್ಥದ ಬಳಿ ಹೋಗಿ, ಅಲ್ಲಿಂದ ಇಂಗ್ಲಿಷ್ ಪದ ಹುಡುಕುತ್ತದೆ ಅನ್ನುವುದು ಅವರ ವಿವರಣೆ. ಈ ವಿವರಣೆಯ ಮೇಲೆ ಆಮೇಲೆ ವಾದಗಳೂ ನಡೆದಿವೆ. ಆದರೆ ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷ್ ಕಲಿತ ಯಾರನ್ನೇ ಕೇಳಿ. ಪೇಪರ್ ಓದಿದರೆ ಅರ್ಥವಾಗುತ್ತದೆ, ಅರ್ಜಿ ಬರೆಯಲು ಕೂತರೆ ಪೆನ್ನು ನಿಂತು ಬಿಡುತ್ತದೆ ಅನ್ನುತ್ತಾರೆ. ಚೀನಾದ ವಿದ್ಯಾರ್ಥಿಯ ಪದಪುಸ್ತಕ ಒಂದು ದಿಕ್ಕಿನಲ್ಲಿ ಕಲಿಸುತ್ತದೆ. ಅನುವಾದದ ಪ್ರಶ್ನೆ ಇನ್ನೊಂದು ದಿಕ್ಕಿನಲ್ಲಿ ಕೇಳುತ್ತದೆ.

ಒಂದು ವಾಕ್ಯ ಹಿಡಿದು ನೋಡೋಣ. 'ಕ-ರನ್ ಲಾಯ್ ಲ, ಯಾವ್ ಪಾವ್ ಛಾ.' ಪದಕ್ಕೆ ಪದ ಹೇಳಿದರೆ: ಅತಿಥಿ, ಬಾ, ಆಯಿತು, ಬೇಕು, ನೆನೆಸು, ಚಹಾ. ನಾವು ಕನ್ನಡದಲ್ಲಿ ಹೇಳುವುದಾದರೆ 'ನೆಂಟರು ಬಂದರೆ ಚಹಾ ಮಾಡಬೇಕು'. ಇಂಗ್ಲಿಷಿಗೆ ತರಲು ಹೋದರೆ ಒಂದರ ಹಿಂದೆ ಒಂದು ಪ್ರಶ್ನೆ ಏಳುತ್ತವೆ. ಅತಿಥಿ ಒಬ್ಬರೋ ಹಲವರೋ? ಚೀನೀ ವಾಕ್ಯ ಹೇಳುವುದಿಲ್ಲ. ಬಂದಾಗಲೋ, ಬಂದರೆಯೋ, ಬಂದದ್ದರಿಂದಲೋ? ಎರಡು ತುಂಡುಗಳ ನಡುವೆ ಇರುವುದು ಒಂದು ಅಲ್ಪವಿರಾಮ ಮಾತ್ರ, ಸಂಬಂಧವನ್ನು ಓದುಗರೇ ಕಟ್ಟಿಕೊಳ್ಳಬೇಕು. ಚಹಾ ಮಾಡುವವರು ಯಾರು? ಅದೂ ಇಲ್ಲ. ಕನ್ನಡದಲ್ಲೂ ಮಾಡುವವರ ಹೆಸರಿಲ್ಲ ನೋಡಿ, ಆದರೂ ನಮಗೆ ಕೊರತೆ ಕಾಣುವುದಿಲ್ಲ. ಇಂಗ್ಲಿಷ್ ಮಾತ್ರ ಎಲ್ಲವನ್ನೂ ಬಾಯಿಬಿಟ್ಟು ಹೇಳು ಅನ್ನುತ್ತದೆ. ಚೀನೀ ಭಾಷೆ ಅರ್ಥದಿಂದ ಕೂಡಿಕೊಳ್ಳುತ್ತದೆ, ಇಂಗ್ಲಿಷ್ ರೂಪದಿಂದ ಕೂಡಿಕೊಳ್ಳುತ್ತದೆ ಎಂದು ಅಲ್ಲಿನ ಅನುವಾದದ ಪಾಠಗಳಲ್ಲಿ ಹೇಳಿಕೊಡುತ್ತಾರೆ.

'ನಿನ್ನೆ ಬಂದ ಹುಡುಗ' ಅನ್ನುವುದನ್ನು ಚೀನೀಯರೂ ಇದೇ ಕ್ರಮದಲ್ಲಿ ಹೇಳುತ್ತಾರೆ: ನಿನ್ನೆ, ಬಂದ, ಹುಡುಗ. ಇಂಗ್ಲಿಷಿನಲ್ಲಿ ಇದು ಪೂರ್ತಿ ತಿರುಗಿ, ಹುಡುಗ ಮೊದಲು ಬಂದು ನಿನ್ನೆ ಕೊನೆಗೆ ಹೋಗುತ್ತದೆ. 'ಎ', 'ದ' ಅನ್ನುವ ಪುಟ್ಟ ಪದಗಳು ಅವರಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ಹೀಗಾಗಿ ಶಾಂಘೈಯ ವಿದ್ಯಾರ್ಥಿ ಮತ್ತು ಶಿರಸಿಯ ವಿದ್ಯಾರ್ಥಿ ಇಲ್ಲಿ ಒಂದೇ ಕಡೆ ಎಡವುತ್ತಾರೆ. ನಮಗೆ ಭೂತಕಾಲ, ಬಹುವಚನ ಕೈಹಿಡಿಯುತ್ತವೆ. ಅವರ ಕ್ರಿಯಾಪದ ಕಾಲಕ್ಕೆ ತಕ್ಕಂತೆ ಬದಲಾಗುವುದೇ ಇಲ್ಲ. 'ಅವನು' ಮತ್ತು 'ಅವಳು' ಎರಡಕ್ಕೂ ಮಾತಿನಲ್ಲಿ ಒಂದೇ ದನಿ, 'ತಾ'. ಚೆನ್ನಾಗಿ ಇಂಗ್ಲಿಷ್ ಬಲ್ಲ ಚೀನೀಯರೂ ಮಾತಿನ ಭರದಲ್ಲಿ ಅಕ್ಕನನ್ನು 'ಹಿ' ಅಂದು ಬಿಡುವುದುಂಟು. ಅದು ದಡ್ಡತನ ಅಲ್ಲ. ತಾಯ್ನುಡಿ ಕೇಳದ ಪ್ರಶ್ನೆಯನ್ನು ಪರಭಾಷೆ ಪ್ರತಿ ವಾಕ್ಯದಲ್ಲೂ ಕೇಳುತ್ತಿದೆ, ಅಷ್ಟೇ.

ಈಗ ಚಹಾದ ಬಣ್ಣಕ್ಕೆ ಬರೋಣ. ನಾವು ದಿನಾ ಕುಡಿಯುವ ಚಹಾದ ಎಲೆಗೆ ಚೀನೀಯರು 'ಹೊಂಗ್‌ಛಾ' ಅನ್ನುತ್ತಾರೆ. 'ಹೊಂಗ್' ಅಂದರೆ ಕೆಂಪು. ಹಾಲು ಹಾಕದೆ ಲೋಟಕ್ಕೆ ಬಸಿದರೆ ಅದರ ಬಣ್ಣ ಕೆಂಪು ತಾನೇ. ಇಂಗ್ಲಿಷಿನವರು ಒಣಗಿದ ಎಲೆಯನ್ನು ನೋಡಿ 'ಬ್ಲ್ಯಾಕ್ ಟೀ' ಅಂದರು. ಕೆಂಪು ಗೊತ್ತು, ಚಹಾ ಗೊತ್ತು, ಎರಡನ್ನೂ ಕೂಡಿಸಿ 'ರೆಡ್ ಟೀ' ಎಂದು ಬರೆದ ವಿದ್ಯಾರ್ಥಿ ಒಂದು ಪದವನ್ನೂ ತಪ್ಪು ಕಲಿತಿಲ್ಲ. ಆದರೂ ಉತ್ತರ ತಪ್ಪು. 'ಕೆಂಪು ಸಕ್ಕರೆ' ಇಂಗ್ಲಿಷಿಗೆ ಹೋದರೆ ಕಂದು ಸಕ್ಕರೆಯಾಗುತ್ತದೆ. 'ದೊಡ್ಡ ಮಳೆ' ಭಾರದ ಮಳೆಯಾಗುತ್ತದೆ. ಔಷಧಿಯನ್ನು ಚೀನೀಯರು 'ತಿನ್ನುತ್ತಾರೆ', ಇಂಗ್ಲಿಷಿನಲ್ಲಿ 'ತೆಗೆದುಕೊಳ್ಳಬೇಕು'. ಬಾಗಿಲು ತೆರೆಯುವುದಕ್ಕೂ ದೀಪ ಹಾಕುವುದಕ್ಕೂ ಅವರಿಗೆ ಒಂದೇ ಪದ, 'ಕಾಯ್'. ಅದಕ್ಕೇ 'ಓಪನ್ ದ ಲೈಟ್' ಅನ್ನುವ ತಪ್ಪು. ಪದಗಳಿಗೂ ನಂಟುಗಳಿರುತ್ತವೆ. ಯಾವ ಪದದ ಜೊತೆ ಯಾವುದು ಕೂರುತ್ತದೆ ಅನ್ನುವುದನ್ನು ಒಂಟಿ ಪದಗಳ ಪಟ್ಟಿ ಹೇಳಿಕೊಡಲಾರದು. ಈ ಪಟ್ಟಿಗಳ ದೊಡ್ಡ ದೋಷ ಇದೇ ಎಂದು ನಾನು ನಂಬುತ್ತೇನೆ.

ಅಂದ ಹಾಗೆ, ನಾವು ಆಡುವ 'ಚಹಾ' ಮತ್ತು 'ಟೀ' ಎರಡರ ಮೂಲವೂ ಒಂದೇ ಚೀನೀ ಅಕ್ಷರ. ಚೀನಾದ ಬಹುಪಾಲು ಕಡೆ ಅದನ್ನು 'ಛಾ' ಎಂದು ಓದಿದರು, ಫುಜಿಯಾನ್ ಕರಾವಳಿಯಲ್ಲಿ 'ತೆ' ಎಂದರು. ಅಲ್ಲಿಂದ ಡಚ್ ವ್ಯಾಪಾರಿಗಳ ಜೊತೆ 'ತೆ' ಯುರೋಪಿಗೆ ಹೋಯಿತು. ಎರಡೂ ಬೇರೆ ಬೇರೆ ದಾರಿಯಲ್ಲಿ ಬಂದು ನಮ್ಮ ಅಡುಗೆಮನೆಯಲ್ಲಿ ಸೇರಿದವು.

ಅನುವಾದವೇ ಆಗದ ಪದ ಬಂದರೆ? ಬಿದಿರೆಲೆಯಲ್ಲಿ ಅಂಟಕ್ಕಿ ಕಟ್ಟಿ ಬೇಯಿಸುವ 'ಝೊಂಗ್‌ಝ' ಎಂಬ ತಿನಿಸಿದೆ. ಹಲಸಿನೆಲೆಯ ಕೊಟ್ಟೆ ಕಡುಬನ್ನು ಇಂಗ್ಲಿಷಿನಲ್ಲಿ ಏನನ್ನಬೇಕು ಎಂದು ಯೋಚಿಸಿದವರಿಗೆ ಈ ಕಷ್ಟ ಗೊತ್ತು. ಚೀನಾದಲ್ಲಿ ಈ ಪ್ರಶ್ನೆ ತುಂಬ ಹಳೆಯದು, ಅದನ್ನು ಎಬ್ಬಿಸಿದ್ದು ಭಾರತದ ಪದಗಳು. 7ನೇ ಶತಮಾನದಲ್ಲಿ ಇಲ್ಲಿಗೆ ಬಂದು, ಇಮ್ಮಡಿ ಪುಲಕೇಶಿಯ ನಾಡನ್ನೂ ಕಂಡು ಬರೆದಿಟ್ಟ ಹ್ಯುಯೆನ್‌ತ್ಸಾಂಗ್ ಮೂಲತಃ ದೊಡ್ಡ ಅನುವಾದಕ. 645ರಲ್ಲಿ 657 ಗ್ರಂಥಗಳನ್ನು ಹೊತ್ತು ಚೀನಾಕ್ಕೆ ಮರಳಿದರು. ಉಳಿದ ಬದುಕನ್ನೆಲ್ಲ ಅವುಗಳ ಅನುವಾದಕ್ಕೇ ಕೊಟ್ಟರು. ಯಾವ ಸಂಸ್ಕೃತ ಪದಗಳನ್ನು ಅನುವಾದಿಸದೆ ದನಿಯನ್ನೇ ಉಳಿಸಬೇಕು ಎಂಬ ಐದು ನಿಯಮಗಳು ಅವರ ಹೆಸರಿನಲ್ಲಿ ಉಳಿದು ಬಂದಿವೆ. ಚೀನಾದಲ್ಲಿ ಇಲ್ಲದ ವಸ್ತು ಒಂದು, ಅದಕ್ಕೆ ಕೊಡುವ ಉದಾಹರಣೆ ನಮ್ಮ ಜಂಬೂವೃಕ್ಷ, ಅಂದರೆ ನೇರಳೆ. ಹಲವು ಅರ್ಥ ಇರುವ 'ಭಗವಾನ್' ಇನ್ನೊಂದು. 'ಪ್ರಜ್ಞಾ' ಪದಕ್ಕೆ ಬರೀ ತಿಳಿವಳಿಕೆ ಎಂದು ಬರೆದರೆ ಅದರ ತೂಕ ಇಳಿಯುತ್ತದೆ ಎಂದು ಅದನ್ನೂ ಹಾಗೇ ಬಿಟ್ಟರು. ಇವತ್ತು ಪರೀಕ್ಷೆಯಲ್ಲಿ 'ಝೊಂಗ್‌ಝ' ಎಂದೇ ಬರೆದು, ಪಕ್ಕದಲ್ಲಿ ಎಲೆಯಲ್ಲಿ ಕಟ್ಟಿದ ಅಕ್ಕಿ ಎಂದು ನಾಲ್ಕು ಪದ ಸೇರಿಸುವ ವಿದ್ಯಾರ್ಥಿ ನಡೆಯುವುದು ಅದೇ ಹಾದಿಯಲ್ಲಿ. 2024ರಲ್ಲಿ ಡ್ರ್ಯಾಗನ್ ಹೆಸರಿನ ಚೀನೀ ಹೊಸ ವರ್ಷ ಬಂದಾಗ ಅಲ್ಲಿನ ಸರ್ಕಾರಿ ಮಾಧ್ಯಮಗಳೂ ಇಂಗ್ಲಿಷಿನಲ್ಲಿ 'ಡ್ರ್ಯಾಗನ್' ಬದಲು 'ಲೂಂಗ್' ಎಂದು ಬರೆದವು. ಯುರೋಪಿನ ಡ್ರ್ಯಾಗನ್ ಬೆಂಕಿ ಉಗುಳುವ ಕೇಡಿಗ ಪ್ರಾಣಿ, ಚೀನಾದ ಲೂಂಗ್ ಮಳೆ ತರುವ ಶುಭದ ಪ್ರಾಣಿ. ಎರಡಕ್ಕೂ ಒಂದೇ ಹೆಸರು ಹೇಗೆ ಸರಿಹೋದೀತು?

ಹಾಗಾದರೆ ಅಭ್ಯಾಸ ಹೇಗೆ ಮಾಡಬೇಕು? ನನಗೆ ತುಂಬ ಹಿಡಿಸಿದ್ದು ಮರು ಅನುವಾದ. ಒಳ್ಳೆಯ ಇಂಗ್ಲಿಷ್ ಪ್ಯಾರಾ ಒಂದನ್ನು ತೆಗೆದುಕೊಳ್ಳಬೇಕು. ಅದನ್ನು ತನ್ನ ಭಾಷೆಗೆ ತಂದು, ಮೂಲವನ್ನು ಮುಚ್ಚಿಡಬೇಕು. ಎರಡು ಮೂರು ದಿನ ಬಿಟ್ಟು, ತನ್ನ ಭಾಷೆಯಿಂದ ಮತ್ತೆ ಇಂಗ್ಲಿಷಿಗೆ ತಂದು, ಮೂಲದ ಪಕ್ಕ ಇಟ್ಟು ನೋಡಬೇಕು. ರಾಣಿ ಒಂದನೇ ಎಲಿಜಬೆತ್‌ಗೆ ಪಾಠ ಹೇಳಿದ ರೋಜರ್ ಆಸ್ಕಮ್ 16ನೇ ಶತಮಾನದಲ್ಲೇ ಲ್ಯಾಟಿನ್ ಕಲಿಕೆಗೆ ಈ ದಾರಿ ಹೇಳಿದ್ದರು. ಇದನ್ನು ಮಾಡುವ ವಿದ್ಯಾರ್ಥಿಗಳು ಚೀನಾದಲ್ಲಿ ಈಗಲೂ ಇದ್ದಾರೆ. ದಿನಗಳ ಅಂತರ ಇದರಲ್ಲಿದೆ. ಪುಸ್ತಕ ಮುಚ್ಚಿ ನೆನಪಿನಿಂದ ತೆಗೆಯುವುದೂ ಇದೆ. ಕಷ್ಟದ ದಿಕ್ಕಿನಲ್ಲೇ ಹೋಗುವುದೂ ಇದೆ. ಬೇಕಾಗುವುದು ಎರಡು ಹಾಳೆ, ಒಂದು ಕೆಂಪು ಪೆನ್ನು. ತನ್ನ ಹಾಳೆಯಲ್ಲಿ 'ರೆಡ್ ಟೀ', ಮೂಲದಲ್ಲಿ 'ಬ್ಲ್ಯಾಕ್ ಟೀ'. ಅದಕ್ಕೊಂದು ಸುತ್ತು. ಬಿಟ್ಟುಹೋದ 'ದ'ಗೆ ಇನ್ನೊಂದು ಸುತ್ತು. ಆಮೇಲೆ ಹಾಳೆ ಮಡಚಿಟ್ಟು, ಮುಂದಿನ ವಾರ ಅದೇ ಪ್ಯಾರಾವನ್ನು ಮತ್ತೆ ಬರೆಯುವುದು.