ಶವವಸ್ತ್ರದ ಬಾಡಿಗೆ ಲೆಕ್ಕದಲ್ಲಿ ಪೂರ್ವಜರು: ಸ್ಕಾಟ್ಲೆಂಡಿನ ಪ್ಯಾರಿಷ್ ಕಡತ ಮತ್ತು ಗೋರಿಕಲ್ಲು

ಹದಿನೆಂಟನೆಯ ಶತಮಾನದ ಸ್ಕಾಟ್ಲೆಂಡಿನ ಒಂದು ಹಳ್ಳಿಯಲ್ಲಿ ಹೆಂಗಸೊಬ್ಬಳು ತೀರಿಕೊಂಡಳು ಎಂದಿಟ್ಟುಕೊಳ್ಳಿ. ಆಕೆಯ ಸಾವಿನ ದಾಖಲೆ ಹುಡುಕಿದರೆ ಅದೃಷ್ಟವಿದ್ದವರಿಗೆ ಒಂದು ಸಾಲು ಸಿಗುತ್ತದೆ: ಇಂಥವನ ಹೆಂಡತಿಗೆ ಮಾರ್ಟ್‌ಕ್ಲಾತ್, ಇಷ್ಟು ಶಿಲ್ಲಿಂಗ್. ಎಂದರೆ ಶವಪೆಟ್ಟಿಗೆಗೆ ಹೊದಿಸಲು ಚರ್ಚಿನಿಂದ ತಂದ ಬಟ್ಟೆಯ ಬಾಡಿಗೆ. ಹೆಸರಿಲ್ಲ, ವಯಸ್ಸಿಲ್ಲ, ಸತ್ತ ಕಾರಣವಿಲ್ಲ. ಇದು ಗುಮಾಸ್ತನ ಸೋಮಾರಿತನ ಎಂದು ಬೈಯುವ ಮೊದಲು ಕೈಯಲ್ಲಿರುವುದು ಎಂಥ ಪುಸ್ತಕ ಎಂದು ನೋಡಬೇಕು. ಅದು ಸಾವಿನ ರಿಜಿಸ್ಟರ್ ಅಲ್ಲ, ಜಮಾ-ಖರ್ಚಿನ ಪುಸ್ತಕ. ಅದನ್ನು ಲೆಕ್ಕದ ಪುಸ್ತಕವಾಗಿಯೇ ಓದಿದರೆ ಅದು ಮಾತಾಡುತ್ತದೆ.

ಇದರ ಬೇರು 1560ರ ಧರ್ಮಸುಧಾರಣೆಯಲ್ಲಿದೆ. ಸತ್ತವರಿಗಾಗಿ ಪ್ರಾರ್ಥಿಸುವುದು, ಹಾಡುವುದು ಹಳೆಯ ಮತದ ಮೂಢನಂಬಿಕೆ ಎಂದು ಸುಧಾರಕರು ಶವಸಂಸ್ಕಾರದ ವಿಧಿಗಳನ್ನೇ ತೆಗೆದುಹಾಕಿದರು. ದೀಕ್ಷಾಸ್ನಾನ ಮತ್ತು ಮದುವೆ ಚರ್ಚಿನ ಕೆಲಸವಾಗಿ ಉಳಿದವು, ಮಣ್ಣು ಮಾಡುವುದು ಮನೆಯವರ ಕೆಲಸವಾಯಿತು. ಪಾದ್ರಿಗೆ ಕೆಲಸವಿಲ್ಲದ ಕಡೆ ಬರೆಯುವ ಒತ್ತಾಯವೂ ಇರಲಿಲ್ಲ. ಹಾಗಾಗಿ ಸುಮಾರು 900 ಪ್ಯಾರಿಷ್‌ಗಳಲ್ಲಿ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶವೇ ಪ್ಯಾರಿಷ್) ಎಷ್ಟೋ ಕಡೆ 1855ಕ್ಕೆ ಮೊದಲಿನ ಸಮಾಧಿ ದಾಖಲೆಯೇ ಇಲ್ಲ. ಇರುವ ಕಡೆಯೂ ನಡುನಡುವೆ ಹತ್ತಿಪ್ಪತ್ತು ವರ್ಷಗಳ ಖಾಲಿ. ಎಲ್ಲಕ್ಕಿಂತ ಹಳೆಯ ಪ್ಯಾರಿಷ್ ರಿಜಿಸ್ಟರ್ ಪರ್ತ್‌ಶೈರಿನ ಎರಲ್ ಊರಿನದು, 1553ರಿಂದ ಶುರುವಾಗುತ್ತದೆ. ಆ ಕಾಲದ್ದೇ ಎಲ್ಲ ಕಡೆ ಸಿಗುತ್ತದೆ ಎಂದು ಹೊರಟವರು ಬರಿಗೈಯಲ್ಲಿ ಬರುತ್ತಾರೆ.

ಮಾರ್ಟ್‌ಕ್ಲಾತ್ ಎಂದರೆ ಶವಪೆಟ್ಟಿಗೆಯ ಮೇಲೆ ಹೊದಿಸುತ್ತಿದ್ದ ಬಟ್ಟೆ. ಒಳ್ಳೆಯದಾದರೆ ಕಪ್ಪು ವೆಲ್ವೆಟ್, ಅಂಚಿಗೆ ಜಾಲರಿ. ಅದನ್ನು ಊರಿನ ಕಿರ್ಕ್ ಸೆಷನ್, ಅಂದರೆ ಪಾದ್ರಿ ಮತ್ತು ಹಿರಿಯರ ಸಭೆ, ಬಾಡಿಗೆಗೆ ಕೊಟ್ಟು ಬಂದ ಹಣವನ್ನು ಬಡವರ ನಿಧಿಗೆ ಸೇರಿಸುತ್ತಿತ್ತು. ಸಾಮಾನ್ಯವಾಗಿ ಉತ್ತಮ ಬಟ್ಟೆ, ಎರಡನೇ ದರ್ಜೆಯದು, ಮಕ್ಕಳ ಚಿಕ್ಕದು ಎಂದು ಎರಡು ಮೂರು ಬಗೆ ಇರುತ್ತಿದ್ದವು. ಒಂದೊಂದಕ್ಕೆ ಒಂದೊಂದು ದರ. ಆದ್ದರಿಂದ ಮೊದಲು ಆ ಪ್ಯಾರಿಷಿನ ದರಪಟ್ಟಿ ಹುಡುಕಿ. ಸೆಷನ್ ನಡಾವಳಿಯಲ್ಲಿ ಹೊಸ ಬಟ್ಟೆ ಕೊಂಡ ದಿನದ ಆಸುಪಾಸಿನಲ್ಲಿ ಅದು ಸಿಗುವ ಸಂಭವ ಹೆಚ್ಚು. ದರ ಗೊತ್ತಾದರೆ ಹೆಸರಿಲ್ಲದ ಸಾಲಿನಲ್ಲೂ ಸತ್ತದ್ದು ಮಗುವೋ ದೊಡ್ಡವರೋ, ಮನೆ ಅನುಕೂಲದ್ದೋ ಕಷ್ಟದ್ದೋ ಎಂದು ಹೇಳಬಹುದು.

ಹಣದ ಲೆಕ್ಕದಲ್ಲಿ ಒಂದು ಹಳ್ಳವಿದೆ. ಸ್ಕಾಟಿಷ್ ಪೌಂಡ್ ಬೇರೆ, ಸ್ಟರ್ಲಿಂಗ್ ಪೌಂಡ್ ಬೇರೆ: 12 ಸ್ಕಾಟಿಷ್ ಪೌಂಡಿಗೆ 1 ಸ್ಟರ್ಲಿಂಗ್ ಪೌಂಡ್. 1707ರಲ್ಲಿ ಎರಡು ದೇಶ ಒಂದಾದ ಮೇಲೂ ಹಳ್ಳಿಯ ಸೆಷನ್‌ಗಳು ಬಹುಕಾಲ ಹಳೆಯ ಲೆಕ್ಕವನ್ನೇ ಬರೆದವು. ಮರ್ಕ್ ಎಂಬ ಪದ ಬಂದರೆ 13 ಶಿಲ್ಲಿಂಗ್ 4 ಪೆನ್ಸ್ ಸ್ಕಾಟಿಷ್ ಎಂದು ಓದಿ. ಪುಟದ ಮಧ್ಯದಲ್ಲಿ ಶುಲ್ಕ ಇದ್ದಕ್ಕಿದ್ದಂತೆ ಹನ್ನೆರಡನೇ ಒಂದು ಭಾಗಕ್ಕೆ ಇಳಿದರೆ ಊರು ಬಡವಾಯಿತು ಎಂದಲ್ಲ, ಗುಮಾಸ್ತ ಸ್ಟರ್ಲಿಂಗಿಗೆ ಬದಲಾದ ಎಂದರ್ಥ.

ತಾರೀಖನ್ನೂ ಹಾಗೇ ನಂಬಬೇಡಿ. ಅದು ಸತ್ತ ದಿನವಲ್ಲ, ಮಣ್ಣು ಮಾಡಿದ ದಿನವೂ ಆಗದಿರಬಹುದು. ದುಡ್ಡು ಪೆಟ್ಟಿಗೆಗೆ ಬಿದ್ದ ದಿನ. ಕೆಲವು ಗುಮಾಸ್ತರು ಮೂರು ತಿಂಗಳ ಬಾಕಿಯನ್ನು ಒಂದೇ ದಿನ ಬರೆದಿದ್ದಾರೆ. ವರ್ಷದ ವಿಷಯದಲ್ಲಿ ಮಾತ್ರ ಸ್ಕಾಟ್ಲೆಂಡ್ ಸಲೀಸು. 1600ರಿಂದಲೇ ಅಲ್ಲಿ ಹೊಸ ವರ್ಷ ಜನವರಿ 1ಕ್ಕೆ. 1752ರವರೆಗೆ ಮಾರ್ಚ್ 25ಕ್ಕೆ ವರ್ಷ ಬದಲಾಗುತ್ತಿದ್ದದ್ದು ಇಂಗ್ಲೆಂಡಿನಲ್ಲಿ. ಇಂಗ್ಲಿಷ್ ದಾಖಲೆಗಳಲ್ಲಿ ಪಳಗಿದವರು ಜನವರಿ-ಫೆಬ್ರವರಿಯ ಸಾವುಗಳಿಗೆ ಇಲ್ಲೂ ಒಂದು ವರ್ಷ ಕೂಡಿಸಿ ವಂಶವೃಕ್ಷವನ್ನೇ ಕೆಡಿಸುತ್ತಾರೆ.

ಬಾಡಿಗೆ ಲೆಕ್ಕದಲ್ಲಿ ಹೆಸರಿಲ್ಲ ಎಂದರೆ ಆ ವ್ಯಕ್ತಿ ಆ ಊರಲ್ಲಿ ಸಾಯಲಿಲ್ಲ ಎಂದು ತೀರ್ಮಾನಿಸುವುದು ಈ ಕೆಲಸದಲ್ಲಿ ಎಲ್ಲರೂ ಮಾಡುವ ತಪ್ಪು. ಪಟ್ಟಣದ ಕಸುಬಿನ ಸಂಘಗಳು ಸ್ವಂತ ಬಟ್ಟೆ ಇಟ್ಟುಕೊಂಡಿದ್ದವು. ನೇಕಾರರ, ಕಮ್ಮಾರರ ಸಂಘದ ಸದಸ್ಯನ ಮನೆಯವರು ಚರ್ಚಿಗೆ ಕಾಸು ಕೊಡಬೇಕಾಗಿರಲಿಲ್ಲ. ಎಳೆಗೂಸುಗಳಿಗೆ ಎಷ್ಟೋ ಸಲ ಬಟ್ಟೆಯನ್ನೇ ತರುತ್ತಿರಲಿಲ್ಲ. ಕಡುಬಡವರಿಗೆ ಬಿಟ್ಟಿ ಕೊಡುತ್ತಿದ್ದರು, ಹಾಗಾಗಿ ಜಮಾ ಕಡೆ ಅವರಿಲ್ಲ. ಅವರನ್ನು ಖರ್ಚಿನ ಕಡೆ ಹುಡುಕಬೇಕು. ಇಂಥ ಮುದುಕಿಯ ಪೆಟ್ಟಿಗೆಗೆ ಬಡಗಿಗೆ ಇಷ್ಟು, ಗುಂಡಿ ತೋಡಿದ್ದಕ್ಕೆ ಚರ್ಚಿನ ಆಳು ಬೀಡಲ್‌ಗೆ ಇಷ್ಟು ಎಂಬ ಸಾಲುಗಳು ಅಲ್ಲಿರುತ್ತವೆ. ಬದುಕಿದ್ದಾಗ ಆಕೆಗೆ ತಿಂಗಳು ತಿಂಗಳು ಕೊಟ್ಟ ಪುಡಿಗಾಸೂ ಅದೇ ಪುಸ್ತಕದಲ್ಲಿರುತ್ತದೆ. ಆ ಕಾಸು ನಿಂತ ತಿಂಗಳೇ ಎಷ್ಟೋ ಬಾರಿ ಸಾವಿನ ತಿಂಗಳು.

ಇದರ ಮೇಲೆ ಸರ್ಕಾರದ್ದೊಂದು ಪೆಟ್ಟು. 1783ರಲ್ಲಿ ರಿಜಿಸ್ಟರಿಗೆ ಬರೆಸುವ ಪ್ರತಿ ದೀಕ್ಷಾಸ್ನಾನ, ಮದುವೆ, ಸಮಾಧಿಗೆ 3 ಪೆನ್ಸ್ ತೆರಿಗೆ ಹಾಕಿದರು. 1794ರಲ್ಲಿ ಅದನ್ನು ತೆಗೆದರು. ಈ ಹನ್ನೊಂದು ವರ್ಷಗಳಲ್ಲಿ ದಾಖಲೆ ಇದ್ದಕ್ಕಿದ್ದಂತೆ ಸೊರಗಿದರೆ ಊರಿನ ಜನ ಸಾಯುವುದನ್ನು ನಿಲ್ಲಿಸಿದ್ದಲ್ಲ, ಬರೆಸುವುದನ್ನು ನಿಲ್ಲಿಸಿದ್ದು.

ಹುಡುಕುವ ಜಾಗ ಸ್ಕಾಟ್ಲೆಂಡ್ಸ್‌ಪೀಪಲ್ ಎಂಬ ಸರ್ಕಾರಿ ಜಾಲತಾಣ. ಮೂಲ ಕಡತಗಳು ಎಡಿನ್‌ಬರೋದ ನ್ಯಾಷನಲ್ ರೆಕಾರ್ಡ್ಸ್ ಆಫ್ ಸ್ಕಾಟ್ಲೆಂಡ್‌ನಲ್ಲಿವೆ. ಸೂಚಿಯಲ್ಲಿ ಹುಡುಕಲು ದುಡ್ಡಿಲ್ಲ, ಪುಟದ ಚಿತ್ರ ತೆರೆಯಲು ಕ್ರೆಡಿಟ್ ಕೊಳ್ಳಬೇಕು. ಆದ್ದರಿಂದ ಚಿತ್ರ ತೆರೆಯುವ ಮೊದಲು ಸೂಚಿಯನ್ನು ಹಿಂಡಿಬಿಡಿ. ಕುಲನಾಮ ಮತ್ತು ಪ್ಯಾರಿಷ್ ಮಾತ್ರ ಕೊಟ್ಟು, ಮೊದಲ ಹೆಸರಿನ ಜಾಗ ಖಾಲಿ ಬಿಟ್ಟು ಒಮ್ಮೆ ಹುಡುಕಿ. ಇಂಥವನ ಮಗು ಎಂದಷ್ಟೇ ಇರುವ ಸಾಲುಗಳು ಹಾಗೆ ಮಾತ್ರ ಸಿಗುತ್ತವೆ. ಮ್ಯಾಕ್ ಎಂದು ಶುರುವಾಗುವ ಹೆಸರನ್ನು ಮ್ಯಾಕ್ ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ನೋಡಿ. ಮದುವೆಯಾದ ಹೆಂಗಸನ್ನು ತವರಿನ ಕುಲನಾಮದಲ್ಲೂ ಗಂಡನ ಕುಲನಾಮದಲ್ಲೂ ಹುಡುಕಿ. ಪ್ರತಿ ಪ್ಯಾರಿಷ್‌ಗೂ ಒಂದು ಸಂಖ್ಯೆ ಇದೆ, ಶೆಟ್ಲೆಂಡಿನ ಬ್ರೆಸ್ಸೆ 1ರಿಂದ ವಿಗ್ಟೌನ್ 901ರವರೆಗೆ. ಒಂದೇ ಹೆಸರಿನ ಊರುಗಳು ಹಲವಿರುವುದರಿಂದ ಟಿಪ್ಪಣಿಯಲ್ಲಿ ಹೆಸರಿನ ಜೊತೆ ಈ ಸಂಖ್ಯೆಯನ್ನೂ ಬರೆದಿಡಿ. ಕಿರ್ಕ್ ಸೆಷನ್ ಲೆಕ್ಕದ ಸಂಪುಟಗಳ ಚಿತ್ರಗಳೂ ಅದೇ ತಾಣದಲ್ಲಿವೆ, ಆದರೆ ಅವಕ್ಕೆ ಹೆಸರಿನ ಸೂಚಿ ಇಲ್ಲ. ಪುಟ ಪುಟ ತಿರುವಬೇಕು, ಬೇರೆ ದಾರಿಯಿಲ್ಲ.

ಇನ್ನು 1855. ಆ ವರ್ಷದ ಜನವರಿ 1ರಿಂದ ಸಾವನ್ನು ಸರ್ಕಾರಕ್ಕೆ ತಿಳಿಸುವುದು ಕಡ್ಡಾಯವಾಯಿತು. ಮೊದಲ ವರ್ಷದ ಫಾರಂ ಎಷ್ಟು ದೊಡ್ಡದೆಂದರೆ ಬರೆಯುವವರು ಸುಸ್ತಾಗಿ ಮರುವರ್ಷ ಅದನ್ನು ಚಿಕ್ಕದು ಮಾಡಬೇಕಾಯಿತು. ವಂಶಾವಳಿ ಹುಡುಕುವವರಿಗೆ ಆ ಒಂದು ವರ್ಷ ಹಬ್ಬ: ಸತ್ತವರು ಹುಟ್ಟಿದ ಊರು, ಅಪ್ಪ-ಅಮ್ಮನ ಹೆಸರು, ಅಮ್ಮನ ತವರಿನ ಕುಲನಾಮ, ಗಂಡ ಅಥವಾ ಹೆಂಡತಿ, ಎಲ್ಲ ಮಕ್ಕಳ ಹೆಸರು ಮತ್ತು ವಯಸ್ಸು, ಮಣ್ಣು ಮಾಡಿದ ಜಾಗ. 1856ರಲ್ಲಿ ಹುಟ್ಟೂರು, ಸಂಗಾತಿ, ಮಕ್ಕಳ ವಿವರ ಬಿಟ್ಟರು. ಸಂಗಾತಿಯ ಹೆಸರು 1861ರಲ್ಲಿ ಮರಳಿತು. ಮಣ್ಣು ಮಾಡಿದ ಜಾಗ 1860ರವರೆಗೆ ಉಳಿದು ಆಮೇಲೆ ಹೋಯಿತು. ನಿಮಗೆ ಬೇಕಾದವರು 1840ರಲ್ಲೇ ಸತ್ತಿದ್ದರೆ ಅವರ ಅಣ್ಣನೋ ತಂಗಿಯೋ 1855ರಲ್ಲಿ ಸತ್ತಿದ್ದಾರೆಯೇ ನೋಡಿ. ಎಂಬತ್ತು ವರ್ಷದ ತಂಗಿಯ ಆ ಒಂದು ಹಾಳೆ ಇಬ್ಬರ ಅಪ್ಪ-ಅಮ್ಮನನ್ನೂ, ಎಂದರೆ 1750ರ ಸುಮಾರಿಗೆ ಹುಟ್ಟಿದ ಜೋಡಿಯನ್ನು, ಕೈಗೆ ಕೊಡುತ್ತದೆ. ಹೇಳಿದವರು ಯಾರು ಎಂಬ ಕಲಂ ಓದುವುದನ್ನು ಮರೆಯಬೇಡಿ. ಮಗ ಹೇಳಿದ್ದಕ್ಕೂ ಪಕ್ಕದ ಮನೆಯವ ಹೇಳಿದ್ದಕ್ಕೂ ಒಂದೇ ತೂಕವಲ್ಲ.

ಕಡತ ಸುಮ್ಮನಾದ ಕಡೆ ಕಲ್ಲು ಮಾತಾಡುವುದುಂಟು. ಸ್ಕಾಟ್ಲೆಂಡಿನ ಗೋರಿಕಲ್ಲುಗಳ ದೊಡ್ಡ ಉಪಕಾರವೆಂದರೆ ಹೆಂಗಸಿನ ತವರಿನ ಹೆಸರು ಅಳಿಯುವುದಿಲ್ಲ. ಇಂಥವನ ಸ್ಪೌಸ್ ಎಂದೋ, ವಿಧವೆಯಾಗಿದ್ದರೆ ರೆಲಿಕ್ಟ್ ಎಂದೋ ಬರೆದು ಪಕ್ಕದಲ್ಲಿ ಆಕೆಯ ಹುಟ್ಟಿನ ಕುಲನಾಮವನ್ನೇ ಕೆತ್ತಿರುತ್ತಾರೆ. ಬಹಳ ಹಳೆಯ ಕಲ್ಲುಗಳಲ್ಲಿ ಬರೀ ಮೊದಲಕ್ಷರಗಳು. ಮಾದರಿಗೆ ಹೀಗೊಂದು ಕಲ್ಲು: ಮೇಲೆ 1742, ಕೆಳಗೆ ಎಡಕ್ಕೆ ಐ ಎಂ, ಬಲಕ್ಕೆ ಕೆ ಎಸ್, ಅದರಡಿ ಮೂರು ಜೋಡಿ ಅಕ್ಷರ, ಮೂರರಲ್ಲೂ ಕೊನೆಯದು ಎಂ. ಆ ಕಾಲಕ್ಕೆ ಐ ಮತ್ತು ಜೆ ಒಂದೇ ಅಕ್ಷರ, ಹಾಗಾಗಿ ಐ ಎಂದರೆ ಜಾನ್, ಜೇಮ್ಸ್ ಯಾರೂ ಆಗಬಹುದು. ಕೆ ಎಸ್ ಹೆಂಡತಿ. ಎಸ್ ಅವಳ ತವರಿನದು. ಕೆಳಗಿನ ಮೂವರು ಬಹುಶಃ ಮಕ್ಕಳು. 1742 ಯಾರು ಸತ್ತ ವರ್ಷವೂ ಆಗದೆ ಜಾಗ ಕೊಂಡ ಅಥವಾ ಕಲ್ಲು ನಿಲ್ಲಿಸಿದ ವರ್ಷವಾಗಿರಬಹುದು. ಎಂ ಮತ್ತು ಎಸ್ ಕುಲನಾಮದ ಜೋಡಿಯ ಮದುವೆಯನ್ನು ಆ ಪ್ಯಾರಿಷಿನ ಮದುವೆ ಪುಸ್ತಕದಲ್ಲಿ 1742ಕ್ಕೆ ಹಿಂದಿನ ನಲವತ್ತು ವರ್ಷಗಳಲ್ಲಿ ಹುಡುಕಿದರೆ ಒಂದೋ ಎರಡೋ ಮಾತ್ರ ಉಳಿಯುತ್ತವೆ.

ಮಕ್ಕಳ ಅಕ್ಷರಗಳನ್ನು ಹೊಂದಿಸಲು ಅಲ್ಲಿನ ನಾಮಕರಣದ ರೂಢಿ ನೆರವಾಗುತ್ತದೆ: ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನದು, ಮೊದಲ ಮಗಳಿಗೆ ಅಮ್ಮನ ಅಮ್ಮನದು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ಮನೆಗಳಲ್ಲಿ ಬೆಳೆದ ನಮಗೆ ಇದು ಹೊಸದಲ್ಲ. ಆದರೆ ರೂಢಿ ಕಾನೂನಲ್ಲ. ಅದರಿಂದ ಊಹೆ ಮಾಡಬಹುದು, ಸಾಬೀತು ಮಾಡಲಾಗದು.

ಒಂದು ಚಿಕ್ಕ ಪದದ ಮೇಲೆ ಕಣ್ಣಿಡಿ. ಊರಿನ ಹೆಸರಿನ ಮುಂದೆ ಇನ್ ಎಂದಿದ್ದರೆ ಆತ ಆ ಜಮೀನಿನ ಗೇಣಿದಾರ, ಆಫ್ ಎಂದಿದ್ದರೆ ಒಡೆಯ. ಈ ಎರಡಕ್ಷರ ತಪ್ಪಾಗಿ ಓದಿ ಗೇಣಿದಾರರನ್ನು ಜಮೀನ್ದಾರರಾಗಿಸಿದ ವಂಶಾವಳಿಗಳಿಗೆ ಲೆಕ್ಕವಿಲ್ಲ. ಕಸುಬಿನ ಪದಗಳೂ ಹಾಗೇ: ರೈಟ್ ಎಂದರೆ ಬಡಗಿ, ರೈಟರ್ ಎಂದರೆ ಬರಹಗಾರನಲ್ಲ, ವಕೀಲ. ಬ್ಯಾಕ್ಸ್‌ಟರ್ ಬ್ರೆಡ್ ಸುಡುವವ, ವೆಬ್‌ಸ್ಟರ್ ನೇಕಾರ, ಫ್ಲೆಶರ್ ಮಾಂಸದ ಅಂಗಡಿಯವ, ಕಾರ್ಡಿನರ್ ಜೋಡು ಹೊಲಿಯುವವ. ಅಕ್ಷರ ಅಳಿಸಿದ್ದರೂ ಕಸುಬಿನ ಚಿಹ್ನೆ ಉಳಿದಿರಬಹುದು. ಕಿರೀಟ ಹೊತ್ತ ಸುತ್ತಿಗೆ ಕಮ್ಮಾರನದು, ಲಾಳಿ ನೇಕಾರನದು, ಕತ್ತರಿ ಮತ್ತು ಇಸ್ತ್ರಿಪೆಟ್ಟಿಗೆ ದರ್ಜಿಯದು, ನೇಗಿಲ ಕುಳ ರೈತನದು, 4ರ ಅಂಕಿಯಂತಿರುವ ಗುರುತು ವ್ಯಾಪಾರಿಯದು. ತಲೆಬುರುಡೆ, ಅಡ್ಡಮೂಳೆ, ಮರಳುಗಡಿಯಾರ ಎಲ್ಲರ ಕಲ್ಲಿನಲ್ಲೂ ಇರುತ್ತವೆ. ಕಡಲ್ಗಳ್ಳರ ಕಥೆ ಕಟ್ಟಬೇಡಿ.

ಕಲ್ಲಿನ ಎದುರು ನಿಂತಾಗ ಬೇಕಾದ ಮುಖ್ಯ ಸಾಮಾನು ಅಡ್ಡಬೆಳಕು. ನೇರ ಬಿಸಿಲಿನಲ್ಲಿ ಸವೆದ ಅಕ್ಷರ ಕಾಣುವುದೇ ಇಲ್ಲ. ಪೂರ್ವಕ್ಕೆ ಮುಖ ಮಾಡಿದ ಕಲ್ಲಾದರೆ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಬಿಸಿಲು ಮುಖವನ್ನು ಸವರಿಕೊಂಡು ಹೋಗುತ್ತದೆ, ಆಗ ಅಕ್ಷರದ ಗೀರುಗಳಲ್ಲಿ ನೆರಳು ನಿಲ್ಲುತ್ತದೆ. ಬಿಸಿಲು ಬೀಳದ ಕಲ್ಲಿಗೆ ಇನ್ನೊಬ್ಬರು ದೂರ ನಿಂತು ಕನ್ನಡಿಯಿಂದ ಬೆಳಕನ್ನು ಪಕ್ಕದಿಂದ ಹಾಯಿಸಲಿ. ಮೋಡವಿದ್ದರೆ ಛತ್ರಿಯ ನೆರಳು ಮಾಡಿ ಬದಿಯಿಂದ ಟಾರ್ಚ್. ಎಡದಿಂದ, ಬಲದಿಂದ, ಮೇಲಿನಿಂದ ಒಂದೊಂದು ಫೋಟೋ ತೆಗೆಯಿರಿ. ಒಂದರಲ್ಲಿ 1ರಂತೆ ಕಂಡದ್ದು ಇನ್ನೊಂದರಲ್ಲಿ 7 ಆಗುತ್ತದೆ, 3 ಎಂದುಕೊಂಡದ್ದು 8 ಆಗುತ್ತದೆ. ಹಿಂಭಾಗ, ಎರಡು ಪಕ್ಕ, ಅಕ್ಕಪಕ್ಕದ ಕಲ್ಲುಗಳನ್ನೂ ಬಿಡಬೇಡಿ, ಏಕೆಂದರೆ ನೆಂಟರು ಹತ್ತಿರದಲ್ಲೇ ಮಲಗಿರುತ್ತಾರೆ.

ನಮ್ಮಲ್ಲಿ ವೀರಗಲ್ಲಿನ ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ಉಜ್ಜುವುದು, ಹಿಟ್ಟು ಬಳಿಯುವುದು ಉಂಟು. ಅಲ್ಲಿ ಅದು ಖಂಡಿತ ಬೇಡ (ಇಲ್ಲೂ ಬೇಡ ಎನ್ನುವುದೇ ಸರಿ). ಹೆಚ್ಚಿನ ಕಲ್ಲುಗಳು ಮರಳುಗಲ್ಲು. ಪದರಗಳು ಮುಖಕ್ಕೆ ಸಮಾನಾಂತರವಾಗಿ ಬರುವಂತೆ ನಿಲ್ಲಿಸಿದ ಕಲ್ಲಿನಲ್ಲಿ ಮಳೆನೀರು ಪದರದ ನಡುವೆ ಇಳಿದು, ಚಳಿಗೆ ಹೆಪ್ಪುಗಟ್ಟಿ ಹಿಗ್ಗಿ, ಅಕ್ಷರವಿರುವ ಮೇಲ್ಪದರವೇ ಹಪ್ಪಳದಂತೆ ಎದ್ದುಬರುತ್ತದೆ. ಬೆರಳಿಂದ ತಟ್ಟಿದರೆ ಪೊಳ್ಳು ಸದ್ದು ಬರುವ ಕಲ್ಲನ್ನು ಮುಟ್ಟಲೂಬೇಡಿ. ತಂತಿ ಬ್ರಷ್, ಬ್ಲೀಚ್, ಶೇವಿಂಗ್ ಫೋಮ್ ಮೂರೂ ನಿಷಿದ್ಧ. ಕಲ್ಲುಹೂ ಕೆರೆದರೆ ಅದರ ಜೊತೆ ಮರಳಿನ ಕಣವೂ ಬರುತ್ತದೆ. ಹುಲ್ಲಿನಡಿ ಹೂತ ಕಲ್ಲನ್ನು ಅನುಮತಿಯಿಲ್ಲದೆ ಬಿಡಿಸಬಾರದು.

ಕಲ್ಲು ಹೋಗಿದ್ದರೂ ಅದರ ನಕಲು ಇರಬಹುದು. 1953ರಲ್ಲಿ ಶುರುವಾದ ಸ್ಕಾಟಿಷ್ ಜೀನಿಯಾಲಜಿ ಸೊಸೈಟಿ ಜಿಲ್ಲೆವಾರು 1855ಕ್ಕೆ ಹಿಂದಿನ ಶಿಲಾಲೇಖಗಳ ಪಟ್ಟಿಗಳನ್ನು ಪ್ರಕಟಿಸಿದೆ. ಇವು ಸಂಕ್ಷೇಪ ಎಂಬುದು ನೆನಪಿರಲಿ. ಧರ್ಮವಾಕ್ಯ, ಪದ್ಯ, ಆಮೇಲಿನ ಹೆಸರುಗಳನ್ನು ಬಿಟ್ಟಿರುತ್ತಾರೆ. ಕಲ್ಲೇ ಇಲ್ಲದವರಿಗೆ ಲೇರ್ ರಿಜಿಸ್ಟರ್ ದಾರಿ. ಲೇರ್ ಎಂದರೆ ಸಮಾಧಿಯ ನಿವೇಶನ. ಕೊಂಡವರು ಯಾರು, ಯಾವಾಗ, ಒಂದರ ಮೇಲೊಂದು ಯಾರನ್ನು ಇಳಿಸಿದರು ಎಂಬುದು ಅದರಲ್ಲಿರುತ್ತದೆ. 1925ರ ಕಾಯ್ದೆಯ ನಂತರ ಹಳೆಯ ಚರ್ಚ್‌ಅಂಗಳಗಳು ಸ್ಥಳೀಯ ಆಡಳಿತದ ಪಾಲಾದ್ದರಿಂದ ಈ ರಿಜಿಸ್ಟರಿಗೆ ಚರ್ಚನ್ನಲ್ಲ, ಕೌನ್ಸಿಲ್ಲಿನ ಸಮಾಧಿ ವಿಭಾಗವನ್ನು ಕೇಳಬೇಕು.

ಕಲ್ಲಿನಲ್ಲಿ ಹೆಸರಿದೆ ಎಂದರೆ ಕೆಳಗೆ ದೇಹವಿದೆ ಎಂದಲ್ಲ. ದಂಡಿನಲ್ಲಿ ಭಾರತಕ್ಕೆ ಬಂದು ಬಳ್ಳಾರಿಯಲ್ಲಿ ಸತ್ತ, ಶ್ರೀರಂಗಪಟ್ಟಣದಲ್ಲಿ ಬಿದ್ದ ಮಗನ ಹೆಸರನ್ನು ಅಪ್ಪ-ಅಮ್ಮನ ಕಲ್ಲಿಗೆ ಸೇರಿಸಿದ್ದು ಉಂಟು. ಆ ಮಗನ ಸಮಾಧಿ ದಾಖಲೆಗೆ ಪ್ಯಾರಿಷ್ ಬಿಟ್ಟು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹಕ್ಕೆ ಹೋಗಬೇಕು. ಅಲ್ಲಿನ ಎನ್ ಸರಣಿಯಲ್ಲಿ ಭಾರತದ ಚರ್ಚುಗಳು ಲಂಡನ್ನಿಗೆ ಕಳಿಸಿದ ನಕಲುಗಳಿವೆ: ಬಂಗಾಳಕ್ಕೆ ಎನ್/1, ಮದರಾಸಿಗೆ ಎನ್/2, ಮುಂಬಯಿಗೆ ಎನ್/3. ಬೆಂಗಳೂರು, ಶ್ರೀರಂಗಪಟ್ಟಣ, ಬಳ್ಳಾರಿಗೆ ಎನ್/2 ನೋಡಿ, ಧಾರವಾಡಕ್ಕೆ ಎನ್/3. ಸ್ಕಾಟಿಷ್ ಕುಲನಾಮ ಹೊತ್ತ ಬೆಂಗಳೂರಿನ ಆಂಗ್ಲೋ-ಇಂಡಿಯನ್ ಮನೆತನದವರು ಇದೇ ದಾರಿಯನ್ನು ಉಲ್ಟಾ ಹಿಡಿಯಬೇಕು: ಮೊದಲು ಎನ್/2ರಲ್ಲಿ ಸಮಾಧಿಯ ತಾರೀಖು ಮತ್ತು ದಂಡಿನ ಹೆಸರು, ಆಮೇಲೆ ಆ ದಂಡಿನ ಸೇರ್ಪಡೆ ಪಟ್ಟಿಯಲ್ಲಿ ಹುಟ್ಟಿದ ಪ್ಯಾರಿಷ್, ಕೊನೆಗೆ ಆ ಪ್ಯಾರಿಷಿನ ಬಾಡಿಗೆ ಲೆಕ್ಕ.