ಕತ್ತಿನಲ್ಲಿ ಉಳಿದ ಕಿವಿರಿನ ದಾರಿ

ಮೀನು ಮಾರ್ಕೆಟ್ಟಿನಲ್ಲಿ ಬಂಗುಡೆ ಕೊಳ್ಳುವವರು ಮೊದಲು ಕಿವಿರು ಎತ್ತಿ ನೋಡುತ್ತಾರೆ. ಕೆಂಪಗಿದ್ದರೆ ತಾಜಾ, ಕಂದಾಗಿದ್ದರೆ ಪಕ್ಕದ ಬುಟ್ಟಿಗೆ ಹೋಗುತ್ತಾರೆ. ಆ ಕಿವಿರು ಮೂಡುವಂಥದ್ದೇ ಒಂದು ಜಾಗ ನಮ್ಮ ಕತ್ತಿನಲ್ಲೂ ಇತ್ತು. ತಾಯಿಯ ಹೊಟ್ಟೆಯಲ್ಲಿ ನಾವಿನ್ನೂ ಅಕ್ಕಿಕಾಳಿನಷ್ಟಿದ್ದ ನಾಲ್ಕೈದನೇ ವಾರದ ಮಾತಿದು.

ಆಗ ಕತ್ತಿನ ಎರಡೂ ಬದಿಯಲ್ಲಿ ಒಂದರ ಕೆಳಗೊಂದು ದಿಂಡುಗಳು ಎದ್ದಿರುತ್ತವೆ. ದಿಂಡುಗಳ ನಡುವೆ ಹೊರಗಿನಿಂದ ಒಂದು ಸೀಳು, ಅದಕ್ಕೆ ಎದುರಾಗಿ ಒಳಗಿನಿಂದ ಒಂದು ಗುಳಿ. ಮೀನಿನಲ್ಲಿ ಇವೆರಡೂ ಕೂಡಿ ತೂತಾಗಿ ಕಿವಿರಾಗುತ್ತವೆ. ನಮ್ಮಲ್ಲಿ ಹಾಗಾಗುವುದಿಲ್ಲ. ಮೊದಲ ಸೀಳು ಕಿವಿಯ ತೂತಾಗುತ್ತದೆ. ಕಿವಿ, ಕಿವಿರು! ಕನ್ನಡದಲ್ಲಿ ಈ ಎರಡು ಪದಗಳು ಅಕ್ಕಪಕ್ಕ ಕೂತಿರುವುದು ಆಕಸ್ಮಿಕವೇ ಇರಬಹುದು, ದೇಹದಲ್ಲಂತೂ ಅಲ್ಲ. ಇನ್ನುಳಿದ ಸೀಳುಗಳ ಮೇಲೆ ಎರಡನೇ ದಿಂಡು ಸೆರಗು ಹೊದಿಸಿದ ಹಾಗೆ ಕೆಳಗಿಳಿಯುತ್ತದೆ. ಒಳಗೆ ಉಳಿದ ಪೊಳ್ಳು ಕೆಲವೇ ವಾರಗಳಲ್ಲಿ ಮುಚ್ಚಿ ಹೋಗಬೇಕು.

ಕೆಲವರಲ್ಲಿ ಅದು ಪೂರ್ತಿ ಮುಚ್ಚುವುದಿಲ್ಲ. ಎರಡು ಕಡೆಯೂ ಮುಚ್ಚಿ ನಡುವೆ ಪೊಳ್ಳು ಉಳಿದರೆ ಅದು ನೀರು ತುಂಬಿದ ಚೀಲ, ಅಂದರೆ ಸಿಸ್ಟ್. ಒಂದು ತುದಿ ತೆರೆದಿದ್ದರೆ ಸೈನಸ್. ಚರ್ಮದಿಂದ ಗಂಟಲಿನವರೆಗೆ ಎರಡೂ ತುದಿ ತೆರೆದಿದ್ದರೆ ಫಿಸ್ಟುಲಾ. 1825ರಲ್ಲಿ ಜರ್ಮನ್ ವಿಜ್ಞಾನಿ ರಾಥ್ಕೆ ಹಂದಿಯ ಭ್ರೂಣದಲ್ಲಿ ಈ ಸೀಳುಗಳನ್ನು ಕಂಡಿದ್ದರು. ಏಳು ವರ್ಷದ ನಂತರ ಆಶರ್ಸನ್ ಎಂಬ ವೈದ್ಯರು ಕತ್ತಿನ ಈ ತೂತುಗಳನ್ನು ಅದೇ ಸೀಳುಗಳ ಉಳಿಕೆ ಎಂದು ವಿವರಿಸಿದರು. ನೂರರಲ್ಲಿ ತೊಂಬತ್ತಕ್ಕೂ ಜಾಸ್ತಿ ಕೇಸುಗಳು ಎರಡನೇ ಸೀಳಿನವು.

ತೂತು ಇದ್ದರೆ ಸಾಮಾನ್ಯವಾಗಿ ಮನೆಯವರ ಕಣ್ಣಿಗೇ ಬೀಳುತ್ತದೆ. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವಾಗ ಅಜ್ಜಿಯ ಬೆರಳಿಗೆ ಕತ್ತಿನ ಕೆಳಭಾಗದಲ್ಲಿ, ಒಂದು ಬದಿಗೆ, ಏನೋ ಜಿಗುಟು ತಗಲುತ್ತದೆ. ಒರೆಸಿ ನೋಡಿದರೆ ಗುಂಡುಸೂಜಿ ಚುಚ್ಚಿದಷ್ಟು ಚಿಕ್ಕ ತೂತು. ಸ್ವಲ್ಪ ಹೊತ್ತಿಗೆ ಮತ್ತೆ ಒಂದು ಹನಿ. ನೋವಿಲ್ಲ, ಜ್ವರವಿಲ್ಲ. ಎರಡೂ ಬದಿಯಲ್ಲಿ ಇಂಥ ತೂತಿದ್ದರೆ, ಅಥವಾ ಮನೆಯಲ್ಲಿ ಬೇರೆಯವರಿಗೂ ಇದ್ದರೆ, ಡಾಕ್ಟರು ಮಗುವಿನ ಕಿವಿ ಕೇಳಿಸುತ್ತದೆಯೇ, ಮೂತ್ರಪಿಂಡ ಸರಿ ಇದೆಯೇ ಎಂದೂ ನೋಡುತ್ತಾರೆ. ಒಂದೇ ಜೀನ್ ಕೆಟ್ಟು ಈ ಮೂರೂ ಕಡೆ ತೊಂದರೆಯಾಗುವ ಒಂದು ಅಪರೂಪದ ಕಾಯಿಲೆ ಇದೆ.

ಸಿಸ್ಟ್ ಹಾಗಲ್ಲ, ಅದು ಕಾಯುತ್ತದೆ. ಇಪ್ಪತ್ತು, ಮೂವತ್ತು ವರ್ಷ ಸುಮ್ನೆ ಇದ್ದು ಒಂದು ನೆಗಡಿಯ ಹಿಂದೆಯೇ ದವಡೆಯ ಮೂಲೆಯ ಕೆಳಗೆ ನಿಂಬೆಹಣ್ಣಿನಷ್ಟು ಊದಿಕೊಳ್ಳುತ್ತದೆ. ಚೀಲದ ಗೋಡೆಯಲ್ಲಿ ಟಾನ್ಸಿಲ್‌ನಲ್ಲಿರುವಂಥ ಅಂಗಾಂಶ ಇರುವುದರಿಂದ ನೆಗಡಿಗೆ ಅದೂ ಬಾತುಕೊಳ್ಳುತ್ತದೆ. ಹುಟ್ಟಿನಿಂದ ಬಂದದ್ದು ನಡುವಯಸ್ಸಿನಲ್ಲಿ ಕಾಣಿಸಿದರೆ ಯಾರು ತಾನೇ ನಂಬುತ್ತಾರೆ, ಅಲ್ವಾ?

ಡಾಕ್ಟರು ಮೊದಲು ನೋಡುವುದು ಗಡ್ಡೆ ಎಲ್ಲಿದೆ ಎಂದು. ಕತ್ತಿನ ನಟ್ಟನಡುವೆ ಇದ್ದು, ನಾಲಿಗೆ ಹೊರಗೆ ಚಾಚಿದಾಗ ಮೇಲೇರಿದರೆ ಅದು ಬೇರೆಯೇ ಜಾತಿಯ ಸಿಸ್ಟ್. ಕಿವಿಯ ಹಿಂದಿನಿಂದ ಕೊರಳ ಎಲುಬಿಗೆ ಓರೆಯಾಗಿ ಇಳಿಯುವ ದಪ್ಪ ಸ್ನಾಯುವಿನ ಮುಂದಿನ ಅಂಚಿನಲ್ಲಿದ್ದರೆ ಎರಡನೇ ಸೀಳಿನ ಮೇಲೆ ಅನುಮಾನ. ಅಲ್ಟ್ರಾಸೌಂಡ್ ಮಾಡಿದರೆ ಒಳಗೆ ನೀರೋ ಮಾಂಸವೋ ತಿಳಿಯುತ್ತದೆ. ಸಣ್ಣ ಸೂಜಿ ಚುಚ್ಚಿ ಎಳೆದರೆ ಒಣಹುಲ್ಲಿನ ಬಣ್ಣದ ನೀರು ಬರುತ್ತದೆ, ಅದರಲ್ಲಿ ಕೊಲೆಸ್ಟರಾಲ್ ಹರಳುಗಳು ಮಿನುಗುತ್ತವೆ. ನಮ್ಮ ಕಡೆ ಕತ್ತಿನ ಗಡ್ಡೆ ಅಂದರೆ ಟಿ.ಬಿ.ಯನ್ನೂ ಮರೆಯುವ ಹಾಗಿಲ್ಲ. ಹಿಂದಿನವರು ಗಂಡಮಾಲೆ ಎನ್ನುತ್ತಿದ್ದದ್ದು ಬಹುಪಾಲು ಅದನ್ನೇ.

ನಲವತ್ತು ದಾಟಿದವರ ಕತ್ತಿನಲ್ಲಿ ಹೊಸದಾಗಿ ನೀರುಗಡ್ಡೆ ಕಂಡರೆ ಮಾತ್ರ ಲೆಕ್ಕವೇ ತಿರುಗುತ್ತದೆ. ಟಾನ್ಸಿಲ್, ನಾಲಿಗೆಯ ಬುಡ ಅಥವಾ ಥೈರಾಯ್ಡ್‌ನ ಕ್ಯಾನ್ಸರ್ ಕತ್ತಿನ ಗಂಟಿಗೆ ಹರಡಿ ಥೇಟ್ ಸಿಸ್ಟ್‌ನ ಹಾಗೇ ಕಾಣುತ್ತದೆ. ಸೂಜಿ ಪರೀಕ್ಷೆಯಲ್ಲಿ ಬರೀ ನೀರು ಬಂದು ಏನೂ ಸಿಗದೆಯೂ ಹೋಗಬಹುದು. ಆ ವಯಸ್ಸಿನಲ್ಲಿ ಕ್ಯಾನ್ಸರ್ ಅಲ್ಲ ಎಂದು ಖಾತ್ರಿಯಾಗುವವರೆಗೆ 'ಹುಟ್ಟಿನ ಸಿಸ್ಟ್' ಎಂಬ ಮಾತನ್ನು ನಂಬಬಾರದು. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಚಿಕಿತ್ಸೆಯಲ್ಲಿ ಆಗುವ ದೊಡ್ಡ ತಪ್ಪು ತುಂಬಾ ಸಾದಾ. ಗಡ್ಡೆ ಕೆಂಪಾಗಿ, ಕೀವು ತುಂಬಿ, ನೋಯುತ್ತಿರುತ್ತದೆ. 'ಕುರು' ಎಂದು ಕೊಯ್ದು ಕೀವು ತೆಗೆದುಬಿಡುತ್ತಾರೆ. ಎರಡು ದಿನ ಹಾಯೆನಿಸುತ್ತದೆ. ಚೀಲದ ಗೋಡೆ ಒಳಗೇ ಇರುವುದರಿಂದ ಕೆಲವು ತಿಂಗಳಿಗೆ ಮತ್ತೆ ಊತ, ಮತ್ತೆ ಕೊಯ್ತ. ಸುತ್ತಲೂ ಗಾಯ ಮಾಗಿ ಗಟ್ಟಿಯಾದ ಮೇಲೆ ನರ ಯಾವುದು, ಚೀಲ ಯಾವುದು ಎಂದು ಬಿಡಿಸುವುದೇ ಕಷ್ಟ. ಹಾಗಾಗಿ ಸೋಂಕಿದ್ದಾಗ ಆ್ಯಂಟಿಬಯಾಟಿಕ್ ಕೊಟ್ಟು, ಬೇಕಿದ್ದರೆ ಸೂಜಿಯಲ್ಲಿ ಕೀವು ಎಳೆದು, ಊತ ಪೂರ್ತಿ ಇಳಿಯಲು ಕೆಲವು ವಾರ ಕಾಯುತ್ತಾರೆ. ಆಮೇಲೆ ಆಪರೇಷನ್. ಮೊದಲ ಸಲವೇ ಪೂರ್ತಿ ತೆಗೆದರೆ ಮತ್ತೆ ಬರುವುದು ನೂರರಲ್ಲಿ ಮೂರು ಜನಕ್ಕೆ. ಹಿಂದೆ ಅರ್ಧಂಬರ್ಧ ಆಪರೇಷನ್ ಆಗಿದ್ದರೆ ಅದು ಇಪ್ಪತ್ತರವರೆಗೂ ಹೋಗುತ್ತದೆ.

ಫಿಸ್ಟುಲಾ ತೆಗೆಯುವುದು ನೋಡಲು ಬಲು ಸೊಗಸು. ಕೆಳಗಿನ ತೂತಿನ ಸುತ್ತ ಎಲೆಯಾಕಾರದಲ್ಲಿ ಚರ್ಮ ಕೊಯ್ದು, ಒಳಗೆ ನೀಲಿ ಬಣ್ಣ ಬಿಟ್ಟು, ನೀಲಿಯಾದ ಆ ಕೊಳವೆಯನ್ನು ಸುತ್ತಲಿನಿಂದ ಬಿಡಿಸುತ್ತಾ ಮೇಲೆ ಹೋಗುತ್ತಾರೆ. ಕೈಗೆಟುಕದಾದಾಗ ಕತ್ತಿನ ಮಡಿಕೆಯಲ್ಲಿ, ಮೆಟ್ಟಿಲಿನ ಹಾಗೆ, ಇನ್ನೊಂದು ಗೀಟು ಕೊಯ್ದು ಅಲ್ಲಿಂದ ಕೊಳವೆಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಾರೆ. ಅದು ತಲೆಗೆ ರಕ್ತ ಒಯ್ಯುವ ದೊಡ್ಡ ರಕ್ತನಾಳದ ಎರಡು ಕವಲಿನ ನಡುವೆ ನುಗ್ಗುತ್ತದೆ. ನಾಲಿಗೆ ಆಡಿಸುವ ನರದ ಮೇಲೆ ಹಾದು ಟಾನ್ಸಿಲ್ ಇರುವ ಗುಳಿಯಲ್ಲಿ ಬಾಯಿ ತೆರೆಯುತ್ತದೆ. ಇಷ್ಟು ಸುತ್ತಿಬಳಸಿ ಯಾಕೆ ಹೋಗಬೇಕು? ಭ್ರೂಣದ ಪ್ರತಿ ದಿಂಡಿಗೂ ಅದರದೇ ನರ, ಅದರದೇ ರಕ್ತನಾಳ ಇತ್ತು. ಎರಡನೇ ಸೀಳು ಎರಡನೇ ದಿಂಡಿನ ಸಾಮಾನುಗಳ ಕೆಳಗೆ, ಮೂರನೆಯದರ ಸಾಮಾನುಗಳ ಮೇಲೆ ಇತ್ತು. ಇಷ್ಟು ವರ್ಷ ಕಳೆದರೂ ಅದು ಅವುಗಳ ನಡುವೆಯೇ ಸಿಕ್ಕಿಕೊಂಡಿದೆ. ಕೊನೆಯಲ್ಲಿ ಒಬ್ಬರು ಬಾಯೊಳಗೆ ಬೆರಳಿಟ್ಟು ಟಾನ್ಸಿಲ್ ಜಾಗವನ್ನು ಹೊರಕ್ಕೆ ಒತ್ತುತ್ತಾರೆ. ಕೊಳವೆಯ ತುದಿ ಕಣ್ಣಿಗೆ ಬೀಳುತ್ತದೆ, ಕಟ್ಟಿ ಕತ್ತರಿಸುತ್ತಾರೆ.

ಮೊದಲನೇ ಸೀಳಿನದು ಕಿವಿಯ ಹತ್ತಿರ, ಮುಖ ಆಡಿಸುವ ನರಕ್ಕೆ ಅಂಟಿಕೊಂಡೇ ಇರುತ್ತದೆ. ಅದಕ್ಕೆ ಮೊದಲು ನರ ಹುಡುಕಿ, ಆಮೇಲೆ ಗಡ್ಡೆಗೆ ಕೈ ಹಾಕುತ್ತಾರೆ.

ಮೂರು, ನಾಲ್ಕನೆಯವು ಅಪರೂಪ, ಹೆಚ್ಚಾಗಿ ಎಡಗಡೆ. ಮಗುವಿಗೆ ಥೈರಾಯ್ಡ್ ಜಾಗದಲ್ಲಿ ಪದೇ ಪದೇ ಕೀವು ಕಟ್ಟುತ್ತದೆ. ಬೇರಿಯಂ ಕುಡಿಸಿ ಎಕ್ಸ್-ರೇ ತೆಗೆದಾಗ ಅನ್ನನಾಳದ ಬಾಯಿಯ ಪಕ್ಕದಿಂದ ದಾರದಂಥ ಒಂದು ಬಿಳಿ ಗೆರೆ ಇಳಿದಿರುವುದು ಕಾಣುತ್ತದೆ. ಆಗ ಬಾಯಿಯ ಮೂಲಕವೇ ದುರ್ಬೀನು ಇಳಿಸಿ ಆ ಒಳಗಿನ ತೂತನ್ನು ಸುಟ್ಟು ಮುಚ್ಚುವ ದಾರಿಯೂ ಇದೆ. ಅದಕ್ಕೆ ಹೊರಗೆ ಒಂದು ಹೊಲಿಗೆಯೂ ಬೇಕಿಲ್ಲ. ಕತ್ತಿನ ಮೇಲೆ ಕಾಣುವ ಗೀರುಗಳೆಲ್ಲ ಅದಕ್ಕೆ ಮೊದಲು ಕುರು ಎಂದು ಕೊಯ್ದಾಗ ಬಿದ್ದವು.