ಏಲಕ್ಕಿಯೋ, ಪುಟ್ಟಬಾಳೆಯೋ?

ಶಿರಸಿಯ ಅಡಿಕೆ ತೋಟದಲ್ಲಿ ಬೆಳೆದು, ದೇವಿಮನೆ ಘಟ್ಟ ಇಳಿದು ಕುಮಟೆಯ ಪೇಟೆ ಸೇರುವ ಸಣ್ಣಕಾಯಿಯ ಬಾಳೆಗೊನೆಯನ್ನು ಒಬ್ಬರು ಏಲಕ್ಕಿ ಬಾಳೆ ಎಂದರೆ ಇನ್ನೊಬ್ಬರು ಪುಟ್ಟಬಾಳೆ ಎನ್ನುತ್ತಾರೆ. ತಳಿ ಒಂದೇ. ಕಾರವಾರ ದಾಟಿ, ಗೋವೆಯನ್ನೂ ಹಿಂದಿಕ್ಕಿ ಮಹಾರಾಷ್ಟ್ರಕ್ಕೆ ಹೋದರೆ ಅದು ಸಫೇದ್ ವೇಲ್ಚಿ. ಮರಾಠಿಯ ವೇಲ್ಚಿಯೂ ಏಲಕ್ಕಿಯೇ ಆದ್ದರಿಂದ ಗಡಿ ದಾಟಿದಾಗ ಬದಲಾದದ್ದು ಭಾಷೆ ಮಾತ್ರ. ತಮಿಳರು ಇದಕ್ಕೆ ತುಪ್ಪದ ಹೆಸರು ಸೇರಿಸಿ ನೇಯ್ ಪೂವನ್ ಎಂದರು, ಮಲಯಾಳಿಗಳು ಞಾಲಿಪ್ಪೂವನ್ ಎಂದರು.

ಹಾಗೆಂದು ಹೆಸರನ್ನಷ್ಟೇ ನಂಬಿ ಕಂದು ತಂದು ನೆಟ್ಟರೆ ಮೋಸಹೋಗಬಹುದು. ತಮಿಳುನಾಡಿನಲ್ಲಿ ಬರಿಯ ಪೂವನ್ ಎಂದರೆ ಬೇರೆಯೇ ತಳಿ. ಕೇರಳದವರಿಗೆ ಅದು ಪಾಳಯಂಕೋಡನ್, ಸಸ್ಯವಿಜ್ಞಾನಿಗಳಿಗೆ ‘ಮೈಸೂರು’ ಗುಂಪು. ಕೇರಳದ ಪೂವನ್ ಆದರೋ ನಮ್ಮ ರಸಬಾಳೆಯ ಬಳಗದ್ದು.

ಈ ಗೋಜಲನ್ನು ಬಿಡಿಸುವುದಕ್ಕೆ ಸಿಮಂಡ್ಸ್ ಮತ್ತು ಶೆಫರ್ಡ್ ಎಂಬ ಸಸ್ಯವಿಜ್ಞಾನಿಗಳು 1955ರಲ್ಲಿ ಒಂದು ದಾರಿ ತೋರಿಸಿದರು. ನಾವು ತಿನ್ನುವ ಬಾಳೆಗಳಲ್ಲಿ ಹೆಚ್ಚಿನವು ಮ್ಯೂಸಾ ಅಕ್ಯುಮಿನೇಟಾ ಮತ್ತು ಮ್ಯೂಸಾ ಬಾಲ್ಬಿಸಿಯಾನಾ ಎಂಬ ಎರಡು ಕಾಡುಬಾಳೆಗಳ ಸಂತತಿ. ಎಲೆತೊಟ್ಟಿನ ಕಾಲುವೆ ತೆರೆದಿದೆಯೋ ಮುಚ್ಚಿದೆಯೋ, ದಿಂಡಿನ ಮೇಲೆ ಕಪ್ಪು ಮಚ್ಚೆಗಳು ಎಷ್ಟು ದಟ್ಟವಾಗಿವೆ ಎಂಬಂಥ 15 ಲಕ್ಷಣಗಳಿಗೆ ಒಂದರಿಂದ ಐದರವರೆಗೆ ಅಂಕ ಕೊಟ್ಟು ಕೂಡಿದರೆ, ಅಪ್ಪಟ ಅಕ್ಯುಮಿನೇಟಾಕ್ಕೆ 15, ಅಪ್ಪಟ ಬಾಲ್ಬಿಸಿಯಾನಾಕ್ಕೆ 75 ಬರುತ್ತದೆ. ಮಿಶ್ರತಳಿಗಳು ನಡುವೆ ನಿಲ್ಲುತ್ತವೆ. ಪ್ರಯೋಗಾಲಯವಿಲ್ಲದೆ, ತೋಟದಲ್ಲಿ ನಿಂತೇ ಮಾಡಬಹುದಾದ ಈ ಲೆಕ್ಕ ನನಗೆ ಬಲು ಮೆಚ್ಚುಗೆಯದು. ಪೇಟೆಯ ಬಾಳೆಗಳಲ್ಲಿ ಬಹುಪಾಲು ಹನ್ನೊಂದು ವರ್ಣತಂತುಗಳ (ಕ್ರೋಮೋಸೋಮ್) ಮೂರು ಕಂತೆಗಳುಳ್ಳವು, ಅಂದರೆ ಒಟ್ಟು 33. ಏಲಕ್ಕಿಗೆ ಇರುವುದು 22 ಮಾತ್ರ, 11 ಒಂದು ಕಾಡುಬಾಳೆಯ ಕಡೆಯಿಂದ, 11 ಇನ್ನೊಂದರ ಕಡೆಯಿಂದ.

ಹಣ್ಣಿನಲ್ಲಿ ಬೀಜವಿಲ್ಲ, ಪರಾಗಸ್ಪರ್ಶವಾಗದೆಯೇ ಕಾಯಿ ತುಂಬುತ್ತದೆ. ಆದ್ದರಿಂದ ಬುಡದಲ್ಲಿ ಏಳುವ ಕಂದಿನಿಂದಲೇ ವಂಶ ಮುಂದುವರಿಯಬೇಕು, ಹುಟ್ಟುವ ಗಿಡವೆಲ್ಲ ಹೆಚ್ಚುಕಡಿಮೆ ತಾಯಿಯ ಪಡಿಯಚ್ಚು. ಮಣ್ಣಿನಲ್ಲಿ ವರ್ಷಾನುವರ್ಷ ಉಳಿಯುವ ಫ್ಯುಸೇರಿಯಂ ಶಿಲೀಂಧ್ರದ ಪನಾಮ ಸೊರಗು ರೋಗಕ್ಕೆ ಏಲಕ್ಕಿ ಸುಲಭದ ತುತ್ತು. ಮೊದಲು ಹಳೆಯ ಎಲೆಗಳ ಅಂಚು ಹಳದಿಯಾಗಿ, ತೊಟ್ಟು ಮುರಿದು, ಎಲೆಗಳು ದಿಂಡಿನ ಸುತ್ತ ಜೋತುಬೀಳುತ್ತವೆ. ಗಡ್ಡೆ ಸೀಳಿದರೆ ಒಳಗೆ ಕೆಂಗಂದು ಕಲೆ ಕಾಣುತ್ತದೆ. ನೆರೆಯವರ ತೋಟದಿಂದ ಕಂದು ಬೇಡಿ ತರುವವರು ತಳಿಯ ಹೆಸರು ಕೇಳುವುದಕ್ಕಿಂತ ಮೊದಲು ನೋಡಬೇಕಾದದ್ದು ಆ ಹಿಂಡಿನ ಹಳೆಯ ಎಲೆಗಳನ್ನು.